ಮಜಲು ಗದ್ದೆಗೆ ಯಾವ ಕ್ಯಾರೆಟ್?

ಪ್ರಶ್ನೆ: ನಮ್ಮ ಮನೆ ಮೂಡುಬೆಳ್ಳೆ ಹತ್ತಿರ. ಏಣಿಲು (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ 15 ಸೆಂಟ್ಸ್ ಮಜಲು ಗದ್ದೆ (ತೀರ ಎತ್ತರವೂ ಅಲ್ಲದ, ತಗ್ಗೂ ಅಲ್ಲದ ಗದ್ದೆ) ಖಾಲಿ ಬೀಳುತ್ತದೆ. ಬಾವಿಯಲ್ಲಿ ಮಾರ್ಚ್‌ವರೆಗೆ ನೀರಿಗೆ ತೊಂದರೆ ಇಲ್ಲ. ಪ್ರತಿ ವರ್ಷ ಹರಿವೆ, ಅಲಸಂಡೆ, ಸೌತೆಯಂಥ ನೆಟ್ಟಿಕಾಯಿ (ತರಕಾರಿ) ಮಾಡುತ್ತೇವೆ. ಈ ಸಲ 5 ಸೆಂಟ್ಸ್‌ನಲ್ಲಿ ಕ್ಯಾರೆಟ್ ಹಾಕುವ ಮನಸ್ಸು. ಹೋದ ವರ್ಷ ಜನವರಿಯಲ್ಲಿ ‘ಊಟಿ ಕ್ಯಾರೆಟ್’ ಎಂದು ಬರೆದ ಪ್ಯಾಕೆಟ್ ತಂದು, ಬದನೆಯ ಹಾಗೆ ಟ್ರೇಯಲ್ಲಿ ಸಸಿ ಮಾಡಿ, ಟೆರೇಸಿನ ಗ್ರೋಬ್ಯಾಗಿನಲ್ಲಿ ನೆಟ್ಟಿದ್ದೆ. ಸೊಪ್ಪು ಚೆನ್ನಾಗಿ ಬಂತು. ಕಿತ್ತು ನೋಡಿದರೆ ಇಲಿ ಬಾಲ! ಕೆಲವಕ್ಕೆ ಎರಡು ಕಾಲು. ಕರಾವಳಿಯಲ್ಲಿ ಕ್ಯಾರೆಟ್ ಆಗುವುದೇ ಇಲ್ಲವೇ? ಆಗುವುದಾದರೆ ಮನೆ ಖರ್ಚಿಗೆ ಯಾವ ತಳಿ, ಉಡುಪಿಯ ಅಂಗಡಿಗಳಿಗೆ ಕೊಡಲು ಯಾವ ತಳಿ? ಬೀಜ ನಾವೇ ಉಳಿಸಿಕೊಳ್ಳಬಹುದೇ?

ಉತ್ತರ: ಆಗುತ್ತದೆ ಅಕ್ಕ. ಆದರೆ ಆ ಪ್ಯಾಕೆಟಿನದ್ದು ಆಗುವುದಿಲ್ಲ, ಜನವರಿಯಲ್ಲಿ ಬಿತ್ತಿದರೆ ಯಾವುದೂ ಆಗುವುದಿಲ್ಲ. ನಿಮ್ಮ ಇಲಿ ಬಾಲಕ್ಕೆ ತಳಿ ಅರ್ಧ ಕಾರಣ, ತಿಂಗಳು ಇನ್ನರ್ಧ. ಎರಡು ಕಾಲಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಹೆಸರಿನ ವಿಷಯ. ಪೇಟೆಯಲ್ಲಿ ‘ಊಟಿ’ ಎನ್ನುವುದು ತಳಿಯ ಹೆಸರಲ್ಲ, ಊರಿನ ಹೆಸರು. ನಮ್ಮಲ್ಲಿಗೆ ಲಾರಿ ನೀಲಗಿರಿಯಿಂದಲೂ ಬರುತ್ತದೆ, ಮಾಲೂರು–ಕೋಲಾರ ಕಡೆಯಿಂದಲೂ ಬರುತ್ತದೆ. ಅಂಗಡಿಯವರ ಬಾಯಲ್ಲಿ ಎಲ್ಲವೂ ಊಟಿಯೇ. ‘ಊಟಿ-1’ ಎಂಬ ತಳಿಯೊಂದು ನಿಜವಾಗಿಯೂ ಇದೆ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ್ದು, ಆದರೆ ಅದು ಬೆಟ್ಟಕ್ಕೆಂದೇ ಮಾಡಿದ್ದು. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ನಿಮ್ಮ ಗದ್ದೆಯಿಂದ ಸಮುದ್ರಕ್ಕೆ ಬೈಕಿನಲ್ಲಿ ಅರ್ಧ ಗಂಟೆ. ಎರಡು ಕಡೆಯೂ ಒಂದೇ ಬೀಜ ಒಂದೇ ರೀತಿ ಬರಬೇಕೆಂದರೆ ಹೇಗೆ?

ಕ್ಯಾರೆಟಿನ ಗಡ್ಡೆ ಚೆನ್ನಾಗಿ ತುಂಬಿ ಬಣ್ಣ ಕೂರುವುದು 15ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲೂ ಹಗಲು 32 ಆಗಿರುತ್ತದೆ, ರಾತ್ರಿ 20–21ಕ್ಕೆ ಇಳಿದರೆ ನಾವು ಕಂಬಳಿ ಹುಡುಕುತ್ತೇವೆ. ಹಗಲಿಡೀ ಸೊಪ್ಪು ಮಾಡಿಟ್ಟ ಸಕ್ಕರೆಯನ್ನು ಸೆಕೆಯ ರಾತ್ರಿಯಲ್ಲಿ ಗಿಡ ತಾನೇ ಉಸಿರಾಡಿ ಕರಗಿಸುತ್ತದೆ. ಬುಡಕ್ಕೆ ಇಳಿಯುವುದು ಉಳಿದದ್ದು ಮಾತ್ರ. ಹಾಗಾಗಿ ಸೊಪ್ಪು ದಂಡಿಯಾಗಿ, ಗಡ್ಡೆ ಗಿಡ್ಡವಾಗಿ ಬಿಳಿಚಿಕೊಂಡು ಬರುತ್ತದೆ. ತಿಂದರೆ ಕರ್ಪೂರದಂಥ ಒಂದು ಘಾಟು. ಸೆಕೆಯಲ್ಲಿ ಆ ಘಾಟಿನ ಎಣ್ಣೆಯಂಶವೇ ಹೆಚ್ಚುತ್ತದೆ, ಸಿಹಿ ಕಡಿಮೆಯಾಗುತ್ತದೆ.

ಇರುವ ನಾಲ್ಕು ದಿನದ ಚಳಿಯನ್ನು ಬೆಳೆಯ ಯಾವ ಹಂತಕ್ಕೆ ಒದಗಿಸುವುದು ಎನ್ನುವುದೇ ಹಾಗಾದರೆ ನಮ್ಮ ಲೆಕ್ಕ. ಮೊಳಕೆಗೆ ಚಳಿ ಬೇಡ, ಸೊಪ್ಪಿಗೂ ಬೇಡ. ಗಡ್ಡೆ ದಪ್ಪವಾಗಲು ಶುರುವಾಗುವುದು ಬಿತ್ತಿದ 40–45 ದಿನದ ಮೇಲೆ. ಅಲ್ಲಿಂದ 90–100ನೇ ದಿನದವರೆಗಿನ ಅವಧಿ ಆದಷ್ಟು ಪೆರಾರ್ದೆ, ಪುಯಿಂತೆಲ್ ತಿಂಗಳಲ್ಲಿ (ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ) ಬೀಳಬೇಕು. ಹಿಂದಕ್ಕೆ ಎಣಿಸಿ: ಬಿತ್ತನೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 10ರೊಳಗೆ, ಅಂದರೆ ಬೊಂತೆಲ್. ದೀಪಾವಳಿಯ ಆಸುಪಾಸು ಎಂದಿಟ್ಟುಕೊಳ್ಳಿ. ಅದಕ್ಕಿಂತ ಮುಂಚೆ ಹಾಕಿದರೆ ಗುಡುಗಿನ ಮಳೆ ಬೀಜವನ್ನು ಬದುವಿಗೆ ಕೊಚ್ಚಿ ಹಾಕುತ್ತದೆ. ನವೆಂಬರ್ 15 ದಾಟಿತೆಂದರೆ ನಾನಾದರೆ ಕ್ಯಾರೆಟಿನ ಆಸೆ ಬಿಟ್ಟು ಅಲಸಂಡೆ ಹಾಕುತ್ತೇನೆ. ಕಾರ್ಕಳ, ಬೆಳ್ತಂಗಡಿಯಂಥ ಘಟ್ಟದ ಬುಡದ ಊರುಗಳಲ್ಲಿ ರಾತ್ರಿ ನಮಗಿಂತ ತಂಪು, ಅವರಿಗೆ ಹತ್ತು ದಿನ ಹೆಚ್ಚು ಅವಕಾಶ ಸಿಗುತ್ತದೆ. ನೀವು ಜನವರಿಯಲ್ಲಿ ನೆಟ್ಟದ್ದರ ಗಡ್ಡೆ ತುಂಬುವ ಹೊತ್ತಿಗೆ ಮಾರ್ಚ್ ಬಂದಿತ್ತು. ಅದೂ ಟೆರೇಸಿನ ಸಿಮೆಂಟಿನ ಮೇಲೆ, ಕಪ್ಪು ಚೀಲದಲ್ಲಿ. ಬಾಲವಾದರೂ ಬಂತಲ್ಲ.

ಈಗ ತಳಿಗೆ ಬರೋಣ. ಕ್ಯಾರೆಟಿನಲ್ಲಿ ಎರಡು ಕುಲ. ಒಂದು ನಮ್ಮ ಏಷ್ಯಾದ್ದು. ಉತ್ತರ ಭಾರತದಲ್ಲಿ ಹಲ್ವಾ ಮಾಡುವ ಉದ್ದನೆಯ ಕೆಂಪು ಗಾಜರ್ ಈ ಕುಲದ್ದು. ಸ್ವಲ್ಪ ಸೆಕೆ ತಡೆಯುತ್ತದೆ, ಉತ್ತರದ ಬಯಲು ಸೀಮೆಯ ಚಳಿಯಲ್ಲೇ ಹೂಬಿಟ್ಟು ಬೀಜ ಕಟ್ಟುತ್ತದೆ. ಇನ್ನೊಂದು ಯುರೋಪಿನದ್ದು, ನಾವು ದಿನಾ ತಿನ್ನುವ ಕಿತ್ತಳೆ ಬಣ್ಣದ ಕ್ಯಾರೆಟ್. ಸಿಹಿ ಹೆಚ್ಚು, ಆಕಾರ ಚಂದ, ಆದರೆ ತಂಪಿನ ಮಗು. ಅದರಲ್ಲಿ ಮತ್ತೆ ಆಕಾರದ ಪ್ರಕಾರ ಪಂಗಡಗಳು. ನಾಂಟೆಸ್ ಎಂದರೆ ಮೇಲಿಂದ ಕೆಳಗೆ ಒಂದೇ ದಪ್ಪದ, ತುದಿ ಮೊಂಡಾದ, 15–18 ಸೆಂಟಿಮೀಟರಿನ ಕೋಲು. ಶಾಂಟೆನೆ ಎಂದರೆ ಹೆಗಲು ಅಗಲವಾದ, 11–15 ಸೆಂಟಿಮೀಟರಿನ ಬುಗುರಿ. ಎರಡೂ ಫ್ರಾನ್ಸಿನ ಪಶ್ಚಿಮದ ಒಂದೇ ಸೀಮೆಯ ಹೆಸರುಗಳು. ಇಂಪರೇಟರ್ ಎಂದರೆ ಒಂದಡಿಗೆ ಸ್ವಲ್ಪ ಕಡಿಮೆ ಇರುವ ಸಪೂರ ಉದ್ದದ್ದು. ಈ ಮೂರನೆಯದರ ಪ್ಯಾಕೆಟ್ ಕಂಡರೆ ಚಿತ್ರ ನೋಡಿ ಖುಷಿಪಟ್ಟು ಅಲ್ಲೇ ಇಟ್ಟು ಬನ್ನಿ. ಅದಕ್ಕೆ ಬೇಕಾದಷ್ಟು ಆಳದ ಸಡಿಲ ಮಣ್ಣು ನಮ್ಮ ಜಿಲ್ಲೆಯಲ್ಲಿ ಹೊಯಿಗೆ (ಮರಳು) ನೆಲ ಬಿಟ್ಟರೆ ಬೇರೆಲ್ಲೂ ನನಗೆ ಕಂಡಿಲ್ಲ.

ಕರಾವಳಿಗೆ ನಾನು ಮೊದಲು ಹೇಳುವ ಹೆಸರು ಕುರೋಡಾ. ಜಪಾನಿನವರು ಯುರೋಪಿನ ಕುಲವನ್ನೇ ಸೆಕೆಗೆ ಪಳಗಿಸಿ ಮಾಡಿದ್ದು. ‘ನ್ಯೂ ಕುರೋಡಾ’ ಎಂದು ಎಲ್ಲ ಬೀಜದಂಗಡಿಯಲ್ಲೂ ಸಿಗುತ್ತದೆ. ಶಾಂಟೆನೆಯ ಹೆಗಲು, ನಾಂಟೆಸಿನ ಮೊಂಡು ತುದಿ, ನಡುವೆ ಸ್ವಲ್ಪ ಇಳಿಜಾರು, ಉದ್ದ ಒಂದು ಗೇಣಿಗಿಂತ ಕಡಿಮೆ. 90–100 ದಿನ. ಸೆಕೆ ತಡೆಯುವುದಷ್ಟೇ ಅಲ್ಲ, ಎಲೆ ಸುಡುವ ರೋಗವನ್ನೂ ಉಳಿದವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಬೆಳಗಿನ ಇಬ್ಬನಿಯಲ್ಲಿ ಸೊಪ್ಪು ಒಂಬತ್ತು ಗಂಟೆವರೆಗೂ ಒದ್ದೆಯಾಗಿರುವ ನಮ್ಮ ಬೈಲುಗಳಲ್ಲಿ ಇದು ಸಣ್ಣ ಗುಣವಲ್ಲ.

ಎರಡನೆಯದು ಅರ್ಕಾ ಸೂರಜ್. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ನೋಡಲು ನಾಂಟೆಸ್, ದಟ್ಟ ಕಿತ್ತಳೆ ಬಣ್ಣ, 15–18 ಸೆಂಟಿಮೀಟರ್. ನಾಂಟೆಸಿನ ರೂಪದಲ್ಲಿದ್ದೂ ಬೆಟ್ಟದ ಚಳಿ ಕೇಳದೆ ದಕ್ಷಿಣದ ಹವೆಯಲ್ಲೇ ಹೂಬಿಟ್ಟು ಬೀಜ ಕಟ್ಟುವುದು ಇದರ ಹೆಚ್ಚುಗಾರಿಕೆ. ಬೇರಿಗೆ ಗಂಟು ಕಟ್ಟುವ ಜಂತುವನ್ನೂ, ಬೂದಿ ರೋಗವನ್ನೂ ತಡೆಯುತ್ತದೆ. ಪೇಟೆಯ ಅಂಗಡಿಯಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಸಂಸ್ಥೆಯಿಂದಲೇ ಆನ್‌ಲೈನಿನಲ್ಲಿ ತರಿಸಿಕೊಳ್ಳಬೇಕು, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.

ದೆಹಲಿಯ ಪೂಸಾ ಸಂಸ್ಥೆಯ ತಳಿಗಳ ಹೆಸರು ಕೇಳಿರಬಹುದು. ಪೂಸಾ ಕೇಸರ್, ಪೂಸಾ ಮೇಘಾಲಿ ಹಳೆಯವು, ದೇಸಿ ಕೆಂಪಿಗೆ ನಾಂಟೆಸಿನ ರಕ್ತ ಬೆರೆಸಿ ಮಾಡಿದವು. ಪೂಸಾ ರುಧಿರಾ ಕಡುಕೆಂಪು, ಪೂಸಾ ಅಸಿತಾ ಕಪ್ಪು–ನೇರಳೆ. ನಮ್ಮ ಹವೆಗೆ ಇವುಗಳಲ್ಲಿ ಯೋಚಿಸಬಹುದಾದದ್ದು ಪೂಸಾ ವೃಷ್ಟಿ. ಸೆಕೆ ಮತ್ತು ತೇವ ಎರಡನ್ನೂ ತಡೆಯಲೆಂದೇ ಮಾಡಿದ್ದು, ಉತ್ತರದಲ್ಲಿ ಜುಲೈನಿಂದಲೇ ಬಿತ್ತುತ್ತಾರೆ. ಇದನ್ನು ಓದಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬಿತ್ತಲು ಹೊರಡಬೇಡಿ ಮತ್ತೆ, ದೆಹಲಿಯ ಜುಲೈ ಮಳೆಯೇ ಬೇರೆ, ನಮ್ಮದೇ ಬೇರೆ. ಇದರ ಗಡ್ಡೆ ಕೆಂಪು. ನಮ್ಮ ಗಿರಾಕಿಗೆ ಕ್ಯಾರೆಟ್ ಎಂದರೆ ಕಿತ್ತಳೆ ಬಣ್ಣ. ಕೆಂಪನ್ನು ತಂದಿಟ್ಟರೆ ‘ಇದು ಬೀಟ್‌ರೂಟಾ?’ ಎಂದು ಕೇಳಿ ಮುಂದೆ ಹೋಗುತ್ತಾರೆ. ಮನೆಗೆ ಒಂದು ಸಾಲು ಹಾಕಿ ನೋಡಿ, ಮಾರಾಟಕ್ಕೆ ಬೇಡ.

ನಾನು ಒಂದು ವರ್ಷ ಒಂದೇ ಏರಿಯಲ್ಲಿ (ಮಣ್ಣು ಎತ್ತರಿಸಿ ಮಾಡಿದ ಪಾತಿ) ನಾಲ್ಕು ಸಾಲು ಮಾಡಿ ನ್ಯೂ ಕುರೋಡಾ, ನಾಂಟೆಸ್, ಶಾಂಟೆನೆ, ಪೂಸಾ ಕೇಸರ್ ಅಕ್ಕಪಕ್ಕ ಬಿತ್ತಿದ್ದೆ. ಒಂದೇ ಮಣ್ಣು, ಒಂದೇ ನೀರು, ಒಂದೇ ದಿನ. 95ನೇ ದಿನ ಸಾಲಿಗೊಂದರಂತೆ ಕಿತ್ತು, ತೊಳೆದು, ಅಡುಗೆಮನೆಯ ಮಣೆಯ ಮೇಲೆ ಅಡ್ಡಕ್ಕೆ ಕತ್ತರಿಸಿ ಇಟ್ಟೆ. ಕುರೋಡಾದ ಹೋಳಿನಲ್ಲಿ ಹೊರಗಿನ ಬಣ್ಣಕ್ಕೂ ನಡುವಿನ ದಿಂಡಿಗೂ ವ್ಯತ್ಯಾಸ ತುಸುವೇ. ನಾಂಟೆಸ್ ಕಿರುಬೆರಳಿನಷ್ಟು ದಪ್ಪ, ಆದರೆ ಹೋಳು ಪೂರ್ತಿ ಒಂದೇ ಬಣ್ಣ, ಬಾಯಿಗೆ ಹಾಕಿದರೆ ನಾಲ್ಕರಲ್ಲಿ ಅದೇ ಸಿಹಿ. ಶಾಂಟೆನೆ ದಪ್ಪ ಬಂದಿತ್ತು, ನಡುವೆ ಹಳದಿ ದಿಂಡು ಎದ್ದು ಕಾಣುತ್ತಿತ್ತು, ಸಾಂಬಾರಿಗೆ ಅಡ್ಡಿಯಿಲ್ಲ. ಪೂಸಾ ಕೇಸರ್ ಎಲ್ಲಕ್ಕಿಂತ ಭಾರ, ಆದರೆ ಅರ್ಧಕ್ಕರ್ಧ ಗದ್ದೆಯ ಗಟ್ಟಿ ಪದರಕ್ಕೆ ಬಡಿದು ಪಕ್ಕಕ್ಕೆ ತಿರುಗಿತ್ತು. ಮಕ್ಕಳು ತಿಂದು ಖಾಲಿ ಮಾಡಿದ್ದು ನಾಂಟೆಸ್. ತೂಕಕ್ಕೆ ಹಾಕಿದರೆ ಬೆಲೆ ಬರುವುದು ಕುರೋಡಾಕ್ಕೆ. ಮನೆಗೆ ಒಂದು, ಮಾರಾಟಕ್ಕೆ ಒಂದು ಎಂದು ನೀವು ಪ್ರಶ್ನೆಯನ್ನೇ ಸರಿಯಾಗಿ ಕೇಳಿದ್ದೀರಿ.

ಆ ಗಟ್ಟಿ ಪದರದ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮಜಲು ಗದ್ದೆಯಲ್ಲಿ ತಳಿಯನ್ನು ತೀರ್ಮಾನಿಸುವುದು ಅದೇ. ವರ್ಷವರ್ಷ ಕೆಸರು ಹೂಡಿ ಹೂಡಿ ಗದ್ದೆಯಲ್ಲಿ ಅರ್ಧ ಅಡಿಯ ಕೆಳಗೆ ಸಿಮೆಂಟಿನಂಥ ಒಂದು ಹಾಸು ಕೂತಿರುತ್ತದೆ. ಭತ್ತಕ್ಕೆ ಅದು ವರ, ನೀರು ನಿಲ್ಲುವುದು ಅದರಿಂದ. ಕ್ಯಾರೆಟಿಗೆ ಅದೇ ಗೋಡೆ. ನೀವೇ ಪರೀಕ್ಷೆ ಮಾಡಿ. ಕೊಯ್ಲಾಗಿ ವಾರದ ಮೇಲೆ, ಇನ್ನೂ ಪಸೆ ಇರುವಾಗ, ಒಂದು ಕಬ್ಬಿಣದ ಸರಳನ್ನು ಕೈಯಿಂದಲೇ ಒತ್ತಿ. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹೆಬ್ಬೆರಳು ಹಿಡಿದು ಅಳೆಯಿರಿ. 15 ಸೆಂಟಿಮೀಟರ್ ಬಂದರೆ, ಅದರ ಮೇಲೆ ನೀವು ಎಷ್ಟು ಎತ್ತರ ಏರಿ ಕಟ್ಟುತ್ತೀರೋ ಅಷ್ಟನ್ನು ಕೂಡಿಸಿ. ಒಟ್ಟು 30 ಸೆಂಟಿಮೀಟರ್ ಆದರೆ ಕುರೋಡಾ, ಅರ್ಕಾ ಸೂರಜ್ ಎರಡಕ್ಕೂ ಸಾಕು. 20–22ರಲ್ಲೇ ನಿಂತರೆ ಶಾಂಟೆನೆಯಂಥ ಬುಗುರಿ ಮಾತ್ರ.

ಗದ್ದೆಗೆ ಒಂದು ದೊಡ್ಡ ಲಾಭವೂ ಇದೆ. ಮಳೆಗಾಲವಿಡೀ ನೀರು ನಿಂತ ನೆಲದಲ್ಲಿ ಬೇರಿಗೆ ಗಂಟು ಕಟ್ಟುವ ಜಂತು ಕಡಿಮೆಯಾಗುತ್ತದೆ. ನೀರು ನಿಲ್ಲದ ಎತ್ತರದ ಬೆಟ್ಟು ಜಾಗದಲ್ಲಿ ಬದನೆ, ಬೆಂಡೆ, ಬಸಳೆ ಮಾಡಿದ ನೆಲಕ್ಕೇ ಕ್ಯಾರೆಟ್ ಹಾಕಿದವರು ಕಿತ್ತಾಗ ಗಂಟುಗಂಟಾಗಿ, ಕೂದಲು ಕೂದಲಾಗಿ ಬಂದದ್ದನ್ನು ತಂದು ತೋರಿಸುತ್ತಾರೆ. ಬೀಜದ ಕಂಪನಿಯನ್ನು ಬಯ್ಯುತ್ತಾರೆ. ಅದು ಬಸಳೆ ಬಿಟ್ಟುಹೋದ ಸಾಲ.

ಎರಡು ಕಾಲಿನ ಕಥೆ ಈಗ. ಕ್ಯಾರೆಟನ್ನು ಸಸಿ ಮಾಡಿ ನೆಡಲೇಬಾರದು ಅಕ್ಕ. ಮೊದಲ ಬೇರೇ ಮುಂದೆ ಗಡ್ಡೆಯಾಗುವುದು. ಟ್ರೇಯಿಂದ ಕೀಳುವಾಗ ಅದರ ತುದಿ ತುಂಡಾದರೆ ಎರಡು ಪಕ್ಕದ ಬೇರು ದಪ್ಪವಾಗುತ್ತವೆ, ಅವೇ ಕಾಲು. ಬೆಣಚುಕಲ್ಲು, ಮುರಕಲ್ಲಿನ ಚೂರು ಅಡ್ಡ ಬಂದರೂ ಹಾಗೆಯೇ. ಹಸಿ ಹಟ್ಟಿಗೊಬ್ಬರ ಹಾಕಿದರಂತೂ ಕವಲು ಖಂಡಿತ. ಕಳೆದ ಬೇಸಿಗೆಯದ್ದೇ ಆದ, ಹಿಡಿದರೆ ಕಾಫಿಪುಡಿಯ ಹಾಗೆ ಉದುರುವ ಗೊಬ್ಬರ ಬೇಕು. ಸೆಂಟಿಗೆ 80ರಿಂದ 100 ಕೆ.ಜಿ. ಜೊತೆಗೆ ಸುಡುಮಣ್ಣು ಇದ್ದರೆ ಧಾರಾಳವಾಗಿ ಹಾಕಿ, ಅದರ ಬೂದಿಯಲ್ಲಿ ಗಡ್ಡೆಗೆ ಬೇಕಾದ ಪೊಟ್ಯಾಷ್ ಇದೆ. ಯೂರಿಯಾ ಕೈಗೆತ್ತಿಕೊಳ್ಳಬೇಡಿ, ಸೊಪ್ಪೇ ಬೆಳೆಯುತ್ತದೆ. ನಮ್ಮ ಮಣ್ಣು ಹುಳಿ. ಕ್ಯಾರೆಟ್ ಕೇಳುವುದು 6ರಿಂದ 7ರ ರಸಸಾರ. ಮಣ್ಣು ಪರೀಕ್ಷೆ ಮಾಡಿಸಿ, ಚೀಟಿಯಲ್ಲಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಿ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿ ಉಳಿದ ಸುಣ್ಣ ಮೂಲೆಯಲ್ಲಿದ್ದರೆ ಅದೂ ಆಗುತ್ತದೆ, ಆದರೆ ಗೊಬ್ಬರ ಹಾಕಿದ ದಿನವೇ ಸುಣ್ಣ ಬೇಡ.

ಬೀಜ ಕೊಳ್ಳುವಾಗ ಪ್ಯಾಕೆಟಿನ ಎದುರಿನ ಚಿತ್ರ ಬಿಟ್ಟು ಹಿಂಬದಿ ಓದಿ. ಮೊಳಕೆ ಪರೀಕ್ಷೆ ಮಾಡಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಮೊಳಕೆ ಪ್ರಮಾಣ. ಕ್ಯಾರೆಟಿಗೆ ಕಾನೂನಿನ ಕನಿಷ್ಠ ಮೊಳಕೆ ಶೇ. 60 ಮಾತ್ರ. ಭತ್ತಕ್ಕೆ 80. ಎಂದರೆ ಒಳ್ಳೆಯ ಬೀಜದಲ್ಲೂ ನೂರಕ್ಕೆ ನಲವತ್ತರವರೆಗೆ ಹುಟ್ಟದೇ ಹೋಗಬಹುದು. ಅದರ ಮೇಲೆ ನಮ್ಮ ಮಳೆಗಾಲದ ತೇವ. ಅಂಗಡಿಯ ಗೋಡೆಯಲ್ಲಿ ಜೂನ್‌ನಿಂದ ತೂಗಾಡಿದ ಪ್ಯಾಕೆಟ್ ನವೆಂಬರಿಗೆ ಏನಾಗಿರುತ್ತದೆ ಎಂದು ನಾನು ಒಂದು ವರ್ಷ ಕಲಿತೆ. ಅವಧಿ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ನಾಲ್ಕು ಏರಿ ಬಿತ್ತಿ, ಹದಿನೈದು ದಿನ ನೀರು ಹೊಯ್ದು, ಎದ್ದ ಗಿಡ ಕೈಬೆರಳಲ್ಲಿ ಎಣಿಸುವಷ್ಟು. ಆಮೇಲಿಂದ ಮೊದಲು ಪರೀಕ್ಷೆ, ನಂತರ ಬಿತ್ತನೆ. ಒದ್ದೆ ಬಟ್ಟೆಯಲ್ಲಿ 50 ಬೀಜ ಸಾಲಾಗಿ ಹರಡಿ, ಸುರುಳಿ ಸುತ್ತಿ, ಮುಚ್ಚಿದ ಡಬ್ಬಿಯಲ್ಲಿಟ್ಟು ದಿನಾ ಒಮ್ಮೆ ನೀರು ಚಿಮುಕಿಸಿ. ಹತ್ತನೇ ದಿನ ಬಿಡಿಸಿ ಎಣಿಸಿ. 30 ಮೊಳೆತಿದ್ದರೆ ಗದ್ದೆಗೆ ಹಾಕಿ, 20ಕ್ಕಿಂತ ಕಡಿಮೆಯಿದ್ದರೆ ಬೇರೆ ಪ್ಯಾಕೆಟ್. ಅಕ್ಟೋಬರ್ ಮೊದಲ ವಾರದಲ್ಲೇ ಇದನ್ನು ಮಾಡಿದರೆ ಬದಲಿ ತರಲು ಸಮಯ ಸಿಗುತ್ತದೆ. ಉಳಿದ ಬೀಜ ಗಾಳಿಯಾಡದ ಬಾಟಲಿಯಲ್ಲಿ ಫ್ರಿಜ್‌ಗೆ.

ಎಷ್ಟು ಬೀಜ ಬೇಕು? ಶಿಫಾರಸು ಎಕರೆಗೆ 2ರಿಂದ 2.5 ಕೆ.ಜಿ., ಎಂದರೆ ಸೆಂಟಿಗೆ 20–25 ಗ್ರಾಂ. ಒಂದು ಗ್ರಾಮಿನಲ್ಲಿ ಸುಮಾರು 800 ಬೀಜ. ಲೆಕ್ಕ ಹಾಕಿ ನೋಡಿ, ಕಾಲ್ದಾರಿ ಕಳೆದು ಒಂದು ಸೆಂಟಿನಲ್ಲಿ ಕೊನೆಗೆ ನಿಲ್ಲುವುದು 1,800 ಗಿಡ. ಅದಕ್ಕೆ ಹದಿನಾರು ಸಾವಿರ ಬೀಜ ಚೆಲ್ಲುವುದು ಎರಚಿ ಬಿತ್ತುವವರ ಪದ್ಧತಿ. ಸಾಲಿನಲ್ಲಿ ನಿಧಾನವಾಗಿ ಬಿತ್ತಿದರೆ ಸೆಂಟಿಗೆ 10 ಗ್ರಾಂ ಸಾಕು. ಇದು ಗೊತ್ತಿದ್ದರೆ ಹೈಬ್ರಿಡ್ ಕೂಡ ಕೈಗೆಟುಕುತ್ತದೆ. ಮಾರಾಟದ 4 ಸೆಂಟ್ಸಿಗೆ ‘ಕುರೋಡಾ ಮಾದರಿ’, ‘ಟ್ರಾಪಿಕಲ್’ ಎಂದು ಬರೆದಿರುವ ಎಫ್-1 ಹೈಬ್ರಿಡ್ ನೋಡಿ. ಬೆಲೆ ಹಲವು ಪಟ್ಟು, ನಿಜ. ಅದರಲ್ಲಿ ನೀವು ಹಣ ಕೊಡುವುದು ಹೆಚ್ಚು ಇಳುವರಿಗಲ್ಲ, ಒಂದೇ ಸಮ ಬರುವುದಕ್ಕೆ. ಅಂಗಡಿಯವನಿಗೆ 20 ಕೆ.ಜಿ. ಕೊಡುವ ದಿನ 20 ಕೆ.ಜಿ.ಯೂ ಒಂದೇ ಅಳತೆ ಇರಬೇಕು. ಸಾದಾ ನ್ಯೂ ಕುರೋಡಾದಲ್ಲಿ ಒಂದೇ ಸಾಲಿನಲ್ಲಿ ಹೆಬ್ಬೆರಳು, ತೋರುಬೆರಳು, ಕಿರುಬೆರಳು ಮೂರೂ ಸಿಗುತ್ತವೆ. ಮನೆಯಲ್ಲಿ ಅದು ಅನುಕೂಲವೇ, ಬೇಕೆಂದಾಗ ದಪ್ಪದ್ದನ್ನು ಆರಿಸಿ ಕಿತ್ತು ಉಳಿದದ್ದನ್ನು ಬೆಳೆಯಲು ಬಿಡಬಹುದು. ಹಾಗಾಗಿ ಮನೆಯ 1 ಸೆಂಟ್ಸಿಗೆ ಸಾದಾ ನ್ಯೂ ಕುರೋಡಾ ಮುಕ್ಕಾಲು, ಉಳಿದ ಕಾಲಿನಲ್ಲಿ ಅರ್ಕಾ ಸೂರಜ್, ಮಕ್ಕಳಿದ್ದರೆ ಒಂದು ಸಾಲು ನಾಂಟೆಸ್.

ಬಿತ್ತನೆಯಲ್ಲಿ ಎಲ್ಲರೂ ಸೋಲುವುದು ಮೊದಲ ಹದಿನೈದು ದಿನ. ಒಂದು ಸೆಂಟಿಮೀಟರ್ ಆಳದ ಗೀರು, ಗೀರಿನಿಂದ ಗೀರಿಗೆ 25 ಸೆಂಟಿಮೀಟರ್. ಬೀಜದ ನಾಲ್ಕರಷ್ಟು ಒಣ ಹೊಯಿಗೆ ಬೆರೆಸಿಕೊಂಡರೆ ಕೈಯಿಂದ ಸಮನಾಗಿ ಉದುರುತ್ತದೆ. ಒಂದು ಚಿಟಿಕೆ ಮೂಲಂಗಿ ಬೀಜವನ್ನೂ ಸೇರಿಸಿ. ಮೂಲಂಗಿ ನಾಲ್ಕನೇ ದಿನಕ್ಕೆ ಎದ್ದು ಸಾಲು ಎಲ್ಲಿದೆ ಎಂದು ತೋರಿಸುತ್ತದೆ, ಕಳೆ ಕೀಳುವವರು ಕ್ಯಾರೆಟನ್ನೇ ಕೀಳುವುದು ತಪ್ಪುತ್ತದೆ, ತಿಂಗಳಿಗೆ ಸಾಂಬಾರಿಗೂ ಆಯಿತು. ಗೀರಿನ ಮೇಲೆ ಮಣ್ಣು ಬೇಡ, ಜರಡಿ ಹಿಡಿದ ಗೊಬ್ಬರ ತೆಳುವಾಗಿ. ಅದರ ಮೇಲೆ ಒದ್ದೆ ಗೋಣಿ. ಬೆಳಿಗ್ಗೆ ಸಂಜೆ ಗೋಣಿಯ ಮೇಲೆಯೇ ಹೂಜಿಯಲ್ಲಿ ನೀರು. ಆರನೇ ದಿನದಿಂದ ದಿನಾ ಗೋಣಿಯ ಒಂದು ಮೂಲೆ ಎತ್ತಿ ನೋಡಿ. ಬಿಳಿ ದಾರದಂಥ ಕೊಕ್ಕೆಗಳು ಅಲ್ಲಲ್ಲಿ ಕಂಡ ಸಂಜೆಯೇ ಗೋಣಿ ತೆಗೆಯಬೇಕು. ಒಂದು ದಿನ ತಡವಾದರೆ ಎಳೆಗಿಡ ಗೋಣಿಯ ನೂಲಿಗೆ ಸಿಕ್ಕಿ ಅದರ ಜೊತೆಗೇ ಎದ್ದು ಬರುತ್ತದೆ. ನನಗೆ ಹಾಗಾಗಿದೆ.

25ನೇ ದಿನ ಕಠಿಣ ಮನಸ್ಸು ಮಾಡಿ ಗಿಡ ಕಡಿಮೆ ಮಾಡಿ. ಗಿಡದಿಂದ ಗಿಡಕ್ಕೆ ಮೂರು ಬೆರಳು. ಸಂಜೆ ನೀರು ಹಾಕಿದ ಮೇಲೆ ಕಿತ್ತರೆ ಪಕ್ಕದ್ದು ಅಲುಗುವುದಿಲ್ಲ. ಹೆಂಗಸರಿಗೆ ಈ ಕೆಲಸ ಹೇಳಿದರೆ ‘ಪಾಪ’ ಎಂದು ಅರ್ಧ ಬಿಟ್ಟುಬಿಡುತ್ತಾರೆ ಎಂದು ನನ್ನ ತಂದೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಹಾಗೆ ಬಿಡುತ್ತಿದ್ದದ್ದು ಅವರೇ. ಗಡ್ಡೆಯ ಹೆಗಲು ಮಣ್ಣಿನಿಂದ ಮೇಲೆ ಇಣುಕಿದರೆ ಮಣ್ಣು ಏರಿಸಿ, ಬಿಸಿಲು ಬಿದ್ದರೆ ಹಸಿರಾಗಿ ಕಹಿಯಾಗುತ್ತದೆ. ಕೊನೆಯ ತಿಂಗಳಲ್ಲಿ ನಾಲ್ಕು ದಿನ ಒಣಗಿಸಿ ಒಮ್ಮೆಲೇ ನೀರು ತುಂಬಿದರೆ ಉದ್ದಕ್ಕೆ ಸೀಳುತ್ತದೆ.

ಮಾರಾಟದ ಮಾತು ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಬಯಲು ಸೀಮೆಯಲ್ಲಿ ಚೆನ್ನಾಗಿ ಬಂದರೆ ಸೆಂಟಿಗೆ 80–100 ಕೆ.ಜಿ. ಲೆಕ್ಕ. ನಮ್ಮಲ್ಲಿ 40 ಬಂದರೆ ನಾನು ತೃಪ್ತ. ಲಾರಿಯಲ್ಲಿ ಬರುವ, ಯಂತ್ರದಲ್ಲಿ ತೊಳೆದು ಮಿರುಗುವ ಕ್ಯಾರೆಟಿನ ಎದುರು ಬೆಲೆಯಲ್ಲಿ ನಿಲ್ಲಲು ಹೋದರೆ ಕೂಲಿಯೂ ಹುಟ್ಟುವುದಿಲ್ಲ. ಲಾರಿಯ ಮಾಲಿಗೆ ಇಲ್ಲದ್ದು ಒಂದೇ, ಸೊಪ್ಪು. ದೂರದ ಪ್ರಯಾಣಕ್ಕೆ ಸೊಪ್ಪು ಕತ್ತರಿಸಿಯೇ ಕಳಿಸುತ್ತಾರೆ, ಇಟ್ಟರೆ ಅದು ಗಡ್ಡೆಯ ನೀರೆಲ್ಲ ಎಳೆದು ಬಾಡಿಸುತ್ತದೆ. ನೀವು ಹರಿವೆಯ ಹಾಗೆ ಸೊಪ್ಪು ಸಮೇತ ಕಟ್ಟು ಮಾಡಿ ಕೊಡಿ, ಕಟ್ಟಿಗೆ ಏಳೆಂಟು. ಬೆಳಕು ಹರಿಯುವ ಮುಂಚೆ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಒಂಬತ್ತರೊಳಗೆ ಅಂಗಡಿ ತಲುಪಿದರೆ ಹಸಿರು ಸೊಪ್ಪೇ ಇವತ್ತಿನ ಮಾಲು ಎನ್ನುವುದಕ್ಕೆ ಸಾಕ್ಷಿ. ಕಟ್ಟಿನ ಮಾರಾಟದಲ್ಲಿ ಉದ್ದ ಯಾರೂ ಅಳೆಯುವುದಿಲ್ಲ, 12 ಸೆಂಟಿಮೀಟರಿನದ್ದೂ ಚಂದವೇ ಕಾಣುತ್ತದೆ. ಹೊಟೇಲಿನವರು ಕೇಳುವುದೇ ಬೇರೆ. ಅವರಿಗೆ ಸಿಪ್ಪೆ ಹೆರೆಯಲು ಉದ್ದ, ನೆಟ್ಟಗೆ, ವರ್ಷವಿಡೀ ಬೇಕು. ಎರಡು ವಾರ ಕೊಟ್ಟು ಇಲ್ಲ ಎಂದರೆ ಮುಂದಿನ ವರ್ಷ ಬಾಗಿಲಲ್ಲೇ ‘ಬೇಡ’ ಎನ್ನುತ್ತಾರೆ. ಆ ಕಡೆ ಹೋಗಬೇಡಿ. ಮಡಿ ಅಡುಗೆಯವರು, ಶ್ರಾದ್ಧದ ಅಡುಗೆಯವರು ಹೇಗೂ ಕ್ಯಾರೆಟ್ ಮುಟ್ಟುವುದಿಲ್ಲ. ಮನೆ ಗಿರಾಕಿ, ಊರಿನ ಎರಡು ಅಂಗಡಿ, ಸಾವಯವ ಸಂತೆ, ಇಷ್ಟೇ ನಿಮ್ಮ ಮಾರುಕಟ್ಟೆ. ಒಂದೇ ದಿನ 4 ಸೆಂಟ್ಸ್ ಬಿತ್ತದೆ, ನಾಲ್ಕು ದಿನಕ್ಕೊಂದು ಸೆಂಟಿನ ಹಾಗೆ ಬಿತ್ತಿದರೆ ಮಾಲು ಒಮ್ಮೆಲೇ ಬಂದು ಬೀಳುವುದೂ ತಪ್ಪುತ್ತದೆ. ಉಳಿದದ್ದನ್ನು ಸೊಪ್ಪು ಕತ್ತರಿಸಿ ಫ್ರಿಜ್‌ನಲ್ಲಿಡಿ. ಅಟ್ಟದಲ್ಲಿ ಹಣ್ಣಾಗುತ್ತಿರುವ ಬಾಳೆಗೊನೆಯ ಹತ್ತಿರ ಮಾತ್ರ ಇಡಬೇಡಿ, ಹಣ್ಣಿನಿಂದ ಹೊರಡುವ ಗಾಳಿ ತಾಗಿದರೆ ಕ್ಯಾರೆಟ್ ಕಹಿಯಾಗುತ್ತದೆ. ಸೊಪ್ಪನ್ನು ಎಸೆಯಬೇಕಾಗಿಲ್ಲ, ಎಳೆಯದ್ದನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ತೆಂಗಿನಕಾಯಿ ಜೊತೆ ಅರೆದು ಮಜ್ಜಿಗೆ ಸೇರಿಸಿದರೆ ತಂಬುಳಿ.

ಬೀಜ ಉಳಿಸುವ ವಿಷಯ: ಕುರೋಡಾ, ನಾಂಟೆಸ್, ಶಾಂಟೆನೆ ಹೂಬಿಡಬೇಕಾದರೆ 5–10 ಡಿಗ್ರಿಯ ಚಳಿ ಆರೆಂಟು ವಾರ ಬೇಕು. ನಮ್ಮಲ್ಲಿ ಅದು ಫ್ರಿಜ್‌ನಲ್ಲಿ ಮಾತ್ರ. ಹೈಬ್ರಿಡ್ಡಿನದ್ದು ಬೀಜವಾದರೂ ಮಕ್ಕಳು ತಾಯಿಯ ಹಾಗಿರುವುದಿಲ್ಲ. ಆಸೆಯಿದ್ದರೆ ಅರ್ಕಾ ಸೂರಜ್‌ನ ಹತ್ತು ಒಳ್ಳೆಯ ಗಡ್ಡೆಯನ್ನು ಆರಿಸಿ, ಸೊಪ್ಪನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಮತ್ತೆ ನೆಟ್ಟು ನೋಡಿ. ಹೂ ಬಂದರೆ ಕೊತ್ತಂಬರಿಯದ್ದರ ಹಾಗೆ ಬಿಳಿ ಕೊಡೆ. ನಾನು ಅದನ್ನು ಹವ್ಯಾಸ ಎನ್ನುತ್ತೇನೆ, ಮುಂದಿನ ವರ್ಷದ ಬಿತ್ತನೆಗೆ ಅದನ್ನು ನಂಬಿ ಕೂರುವುದಿಲ್ಲ.

ಟೆರೇಸಿನ ಗ್ರೋಬ್ಯಾಗನ್ನೂ ಬಿಡಬೇಡಿ. ಒಂದಡಿ ಆಳ ಸಾಕು, ಬಿಳಿ ಚೀಲ, ಮಧ್ಯಾಹ್ನದ ಮೇಲೆ ನೆರಳು ಬರುವ ಜಾಗ. ಅದಕ್ಕೆ ಪ್ಯಾರಿಸ್ ಮಾರ್ಕೆಟ್ ಎಂಬ ನಿಂಬೆಹಣ್ಣಿನ ಗಾತ್ರದ ಗುಂಡು ಕ್ಯಾರೆಟ್ ಸಿಕ್ಕರೆ ಹಾಕಿ, 60–70 ದಿನದಲ್ಲಿ ಮುಗಿಯುತ್ತದೆ.

ಗದ್ದೆಯದ್ದನ್ನು ಮಾತ್ರ ಭೂಮಿತಾಯಿಯ ಹಬ್ಬವಾದ ಕೆಡ್ಡಸದ ಒಳಗೆ ಅಗೆದು ಮುಗಿಸಿ. ಫೆಬ್ರವರಿ ಎರಡನೇ ವಾರದ ಆ ಮೂರು ದಿನ ನೆಲಕ್ಕೆ ಹಾರೆ ಮುಟ್ಟಿಸಲು ನಿಮ್ಮ ಮನೆಯ ಹಿರಿಯರು ಬಿಡಲಾರರು. ಅದು ಮುಗಿಯುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಮಣ್ಣಿನಲ್ಲಿ ಉಳಿದ ಕ್ಯಾರೆಟಿನ ದಿಂಡು ಕಟ್ಟಿಗೆಯಾಗಲು ಶುರುವಾಗಿರುತ್ತದೆ.